ದವಡೆ ಹಲ್ಲಿನ ಪಂಚಾಯ್ತಿ

ಹುರಿಗಡಲೆಯಲ್ಲಿದ್ದ ಕಲ್ಲು ಕಡಲೆಗಿಂತ ದೊಡ್ಡದೇನೂ ಆಗಿರಲಿಲ್ಲ. ಹೊನ್ನೂರಿನ ಚಿಕ್ಕಮಾದಪ್ಪ ಎರಡನ್ನೂ ಒಂದೇ ನಂಬಿಕೆಯಿಂದ ಅಗಿದ. ಕಟಕ್ಕೆಂದು ಮುರಿದದ್ದು ಕಲ್ಲಲ್ಲ, ಎಡದವಡೆಯ ಕೊನೆಯ ಹಲ್ಲು.

ಬೇರೆ ದಿನವಾಗಿದ್ದರೆ ಕೊಳ್ಳೇಗಾಲದ ಬಸ್ಸು ಹತ್ತಿ ಹಲ್ಲು ಕೀಳಿಸಿಕೊಂಡು ಬರುತ್ತಿದ್ದ. ಆದರೆ ಅಂದು ಮಧ್ಯಾಹ್ನ ಬಸವನ ಗುಡಿಯ ಜಗಲಿಯಲ್ಲಿ ಪಂಚಾಯ್ತಿ ಸೇರುವುದಿತ್ತು. ಅಪ್ಪ ಬಿಟ್ಟುಹೋದ ತೆಂಗಿನ ತೋಟ ಅಣ್ಣತಮ್ಮಂದಿರಿಗೆ ಪಾಲಾಗಬೇಕು. ಬಾವಿಯಿರುವ ಕೆಳಗಿನ ಪಾಲು ತನಗೇ ಬರಲಿ ಎಂದು ಅಣ್ಣ ದೊಡ್ಡಮಾದಪ್ಪ ಕೇಳಿದ್ದ. ಮೇಲಿನ ಪಾಲಿನಲ್ಲಿ ತೆಂಗಿಗಿಂತ ಬಂಡೆಗಳೇ ಚೆನ್ನಾಗಿ ಬೆಳೆದಿದ್ದವು. ಪಂಚಾಯ್ತಿಗೆ ಹೋಗದಿದ್ದರೆ ಬಾವಿ ಅಣ್ಣನದು. ಹೋದರೆ ಬಾಯಿ ತೆರೆದು ಮಾತಾಡಬೇಕು.

ಆಡಬೇಕಾದ ಮಾತುಗಳನ್ನು ಹೆಂಡತಿ ಸುವರ್ಣಮ್ಮ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದಳು.

"ಬಾವಿ ತೋಡ್ದಾಗ ಮಣ್ಣು ಒತ್ತೋನು ನಾನು ಅಂತ ಮೊದ್ಲು ಯೇಳಿ. ಎಲ್ಲಿ, ಒಂದ್ಸಲ ಯೇಳಿ ನೋಡಾನ."

ಚಿಕ್ಕಮಾದಪ್ಪ ಬಾಯಿ ತೆರೆದ. ಗಾಳಿ ಹಲ್ಲಿನ ಬುಡಕ್ಕೆ ತಗುಲಿ, ಮಾತಿನ ಬದಲು ಕರು ಅಂಬಾ ಎಂದಂತೆ ಏನೋ ಹೊರಬಂತು.

"ಒಂದು ಲವಂಗ ಕಚ್ಕಂಡ್ರ ಸರೋಯ್ತದ. ಇರಿ, ಇಸ್ಕಂಡು ಬತ್ತೀನಿ," ಎಂದು ಅವಳು ಬೀದಿಗಿಳಿದಳು. ಬೀದಿಯಲ್ಲಿ ಯಾರ ಮನೆಯಲ್ಲೂ ಲವಂಗ ಸಿಗಲಿಲ್ಲ. ಎಲ್ಲರಿಗೂ ಸುದ್ದಿ ಮಾತ್ರ ಸಿಕ್ಕಿತು.

ಮೊದಲು ಬಂದವನು ಪಕ್ಕದ ಮನೆಯ ಕೆಂಚಯ್ಯ. ಬರುವಾಗಲೇ ನಸ್ಯದ ಡಬ್ಬಿಯ ಮುಚ್ಚಳ ತೆಗೆದುಕೊಂಡು ಬಂದ.

"ಇದ್ನ ಒಂದು ಚಿಟಿಕೆ ಒತ್ತು ಕಣ್ಲಾ. ನಮ್ಮಪ್ಪಂಗ ಇದ್ರಲ್ಲೇ ವಾಸಿಯಾಗಿದ್ದು."

"ನಿಮ್ಮಪ್ಪಂಗ ಬಾಯಲ್ಲಿ ಹಲ್ಲೇ ಇರ್ನಿಲ್ವಲ್ಲ," ಎಂದಳು ಸುವರ್ಣಮ್ಮ.

"ಅದ್ಕೇ ಕಣವ್ವಾ ಯೇಳದು. ಆಮೇಕ ಒಂದ್ಸಲನೂ ನೋವು ಬರ್ನಿಲ್ಲ."

ನಸ್ಯ ಹಲ್ಲಿಗಿಂತ ಮೊದಲು ಮೂಗಿಗೆ ತಲುಪಿತು. ಒಂದೊಂದು ಸೀನಿಗೂ ನೋವು ಕಿವಿಯ ಮೂಲಕ ನೆತ್ತಿಗೆ ಹೋಗಿ ವಾಪಸು ಬಂತು. ಅಷ್ಟರಲ್ಲಿ ಎಡಗೆನ್ನೆ ತುಂಬು ಬಸುರಿನಂತೆ ಉಬ್ಬಿತ್ತು.

ನಂತರ ಬಂದವಳು ಎದುರು ಮನೆಯ ಚಿಕ್ಕನಿಂಗಮ್ಮ. ರೋಗ ಯಾವುದೆಂದು ತಿಳಿಯಲು ಅವಳಿಗೆ ರೋಗಿಯನ್ನು ನೋಡುವ ಅಗತ್ಯವಿರಲಿಲ್ಲ. "ಹುಳ," ಎಂದು ಬಾಗಿಲಲ್ಲೇ ಹೇಳಿದಳು. ಕೆಂಡದ ಮೇಲೆ ಗುಳ್ಳಬದನೆಯ ಬೀಜ ಸುರಿದು, ಪರಂಗಿ ಎಲೆಯ ದಂಟನ್ನು ಕೊಳವೆ ಮಾಡಿ, ಅವನ ಬಾಯಿಗೆ ಹೊಗೆ ಊದಿದಳು. ಹೊಗೆ ಕಣ್ಣು, ಮೂಗು, ಗಂಟಲು ಎಲ್ಲ ಕಡೆ ಹುಳ ಹುಡುಕಿ ಬಂತು. ಕೆಮ್ಮಿ ಕೆಮ್ಮಿ ಅವನು ಉಗುಳಿದ್ದನ್ನು ಚಿಕ್ಕನಿಂಗಮ್ಮ ಕಡ್ಡಿಯಲ್ಲಿ ಕೆದಕಿ ತೋರಿಸಿದಳು.

"ನೋಡು, ಉದುರ್ತು."

"ಅದು ಬೀಜದ ಸಿಪ್ಪ ಅಲ್ವಾ ಅಕ್ಕ?" ಎಂದಳು ಸುವರ್ಣಮ್ಮ.

"ಸತ್ತ ಮ್ಯಾಲ ಹುಳ ಹಂಗೇ ಕಾಣದು ಕಣವ್ವಾ."

ಕೊನೆಗೆ ಪಂಚಾಯ್ತಿಗೆ ಕರೆದೊಯ್ಯಲು ಗೆಳೆಯ ಕೆಂಪನಂಜಪ್ಪ ಬಂದ. ಹಲ್ಲಿಗೆ ಗಾಳಿ ಸೋಕಬಾರದೆಂದು ತನ್ನ ಟವಲ್ಲನ್ನು ಅವನ ದವಡೆಯ ಕೆಳಗಿಂದ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದ. ದವಡೆಯನ್ನು ಹಾಗೆ ಕಟ್ಟುವುದು ಊರಿನಲ್ಲಿ ಯಾರಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ದಾರಿಯಲ್ಲಿ ತನ್ನ ಮನೆಯ ಜಗಲಿಯ ಮೇಲೆ ಕಾಳು ಆರಿಸುತ್ತಿದ್ದ ಮುದುಕಿ ದೊಡ್ಡಬಸಮ್ಮ ಮಂಜಾದ ಕಣ್ಣಲ್ಲಿ ಆ ಮುಖ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಶಿವ್ನೇ, ಯಾವಾಗ ಓದನಪ್ಪ?"

"ಇನ್ನೂ ಓಗಿಲ್ಲ ಕಣಜ್ಜಿ. ಈಗ ಪಂಚಾಯ್ತಿಗ ಓಯ್ತಾವ್ನ," ಎಂದ ಕೆಂಪನಂಜಪ್ಪ.

ಗುಡಿಯ ಜಗಲಿಯಲ್ಲಿ ಊರ ಹಿರಿಯರು ಕೂತಿದ್ದರು. ನಡುವೆ ತಟ್ಟೆ, ತಟ್ಟೆಯಲ್ಲಿ ಮಡಿಸಿಟ್ಟ ವೀಳ್ಯ. ಕಾಗದಪತ್ರವೆಲ್ಲ ಆಮೇಲಿನ ಮಾತು. ಪಂಚಾಯ್ತಿ ಮುಂದೆ ವೀಳ್ಯ ಎತ್ತಿದರೆ ಅಲ್ಲಿಗೆ ಒಪ್ಪಿದಂತೆ. ಯಜಮಾನ ಶಿವನಂಜಯ್ಯ ದೊಡ್ಡಮಾದಪ್ಪನ ಕೋರಿಕೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿ, ಚಿಕ್ಕಮಾದಪ್ಪನ ಕಡೆ ತಿರುಗಿದ.

"ಒಪ್ಗ ಇದ್ರ ವೀಳ್ಯ ತಕೊ. ಇಲ್ದಿದ್ರ ಬಾಯ್ಬುಟ್ಟು ಯೇಳಪ್ಪ."

ಚಿಕ್ಕಮಾದಪ್ಪ ಗಂಟು ಬಿಚ್ಚಿದ. ಮಣ್ಣು ಹೊತ್ತದ್ದು, ಬಾವಿ, ನ್ಯಾಯ ಎಲ್ಲವೂ ನಾಲಿಗೆಯವರೆಗೆ ಬಂದು ಹಲ್ಲಿಗೆ ಹೆದರಿ ನಿಂತವು. ಹಿರಿಯರು ಅವನ ಬಾಯನ್ನೇ ನೋಡುತ್ತ ಕಾದರು. ಅಷ್ಟು ಜನ ಸೇರಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಆ ಊರಿನಲ್ಲಿ ಅದೇ ಮೊದಲಿರಬೇಕು. ದೊಡ್ಡಮಾದಪ್ಪ ಮೆಲ್ಲಗೆ ಕೆಮ್ಮಿದ.

"ನಂದೂ ಒಂದು ಮಾತದ..."

ಆಗ ಚಿಕ್ಕಮಾದಪ್ಪನ ಕಣ್ಣಿಗೆ ಬಿದ್ದದ್ದು ವೀಳ್ಯವಲ್ಲ. ಮಡಿಸಿದ ಎಲೆ ಬಿಚ್ಚದಿರಲಿ ಎಂದು ಅದಕ್ಕೆ ಚುಚ್ಚಿದ್ದ ಲವಂಗ. ಬೆಳಗಿನಿಂದ ಬೀದಿಯೆಲ್ಲ ಹುಡುಕಿದರೂ ಸಿಗದ ಲವಂಗ. ಕೈ ಅವನನ್ನು ಕೇಳಲಿಲ್ಲ. ಬಿಡಿಸಿಕೊಳ್ಳುವ ತಾಳ್ಮೆಯೂ ಇಲ್ಲದೆ ಎಲೆ ಸಮೇತ ಎತ್ತಿ ಎಡದವಡೆಗೆ ತುರುಕಿ ಕಣ್ಣು ಮುಚ್ಚಿದ.

"ಬಸವಣ್ಣನೇ ಸಾಕ್ಷಿ. ಮುಗೀತು," ಎಂದು ಶಿವನಂಜಯ್ಯ ಎದ್ದ. ಅವನಿಗೆ ಹಸಿವಾಗಿತ್ತು.

"ದೊಡ್ಡ ಮನ್ಸು ಕಣ್ಲಾ ನಿಂದು," ಎಂದು ಕೆಂಪನಂಜಪ್ಪ ಬೆನ್ನು ತಟ್ಟಿದ.

ಜನ ಚದುರಿದ ಮೇಲೆ ದೊಡ್ಡಮಾದಪ್ಪ ತಮ್ಮನ ಪಕ್ಕ ಬಂದು ಕೂತ.

"ನಿನ್ನ ಮಕ ನೋಡಿ ಕರ್ಳು ಚುರಕ್ ಅಂತು ಕಣ್ಲಾ. ಬಾವಿ ನಿಂಗೇ ಇರ್ಲಿ ಅಂತ ಯೇಳಕ್ಕ ಬಾಯಿ ತೆಗುದ್ನಿ. ಅಷ್ಟ್ರೊಳಗ ನೀನೇ ವೀಳ್ಯ ಎತ್ಬುಟ್ಟ."

ಲವಂಗ ಕೆಲಸ ಮಾಡಿತ್ತು. ಮಾತು ಸಲೀಸಾಗಿ ಬಂತು. "ಹಂಗಾದ್ರ ಈಗ ಯೇಳಣ್ಣ. ಕರೀಲಾ ಅವ್ರ?"

"ಹತ್ತು ಜನ್ದ ಮುಂದ ನೀನು ಎತ್ತಿದ ವೀಳ್ಯವ ನಾನು ಬ್ಯಾಡ ಅಂದ್ರ ಚೆಂದಾಗಿರ್ತದ? ನಿನ್ನ ಮರ್ವಾದಿ ಕಳುದ್ರ ನಾನು ಎಂಥ ಅಣ್ಣ?"

ತಮ್ಮನ ಮರ್ಯಾದೆ ಉಳಿಸಲು ದೊಡ್ಡಮಾದಪ್ಪ ಬಾವಿ ನೋಡಿಕೊಂಡು ಬರಲು ಹೊರಟ.

ಬೀದಿಯ ತಿರುವಿನಲ್ಲಿ ಸುವರ್ಣಮ್ಮ ಕಾಯುತ್ತಿದ್ದಳು. "ಯೇಳುದ್ರಾ? ಏನಂದ್ರು?"

ಹಲ್ಲು ಒಂದಿಷ್ಟೂ ನೋಯುತ್ತಿರಲಿಲ್ಲ. ಚಿಕ್ಕಮಾದಪ್ಪ ಕೆನ್ನೆ ಹಿಡಿದುಕೊಂಡು "ಅಮ್ಮಾ" ಎಂದು ನರಳಿದ.