ತಾಯಿ ಕಲಿಸಿದ ಮಗ್ಗಿಯನ್ನು ಹೊಸ ರಾಜ್ಯಕ್ಕೆ ಸೇರಿಸಿಕೊಳ್ಳುವ ಬಗ್ಗೆ

ಇಂದ:
ಉಡಚಪ್ಪ ಮೂಕಪ್ಪ ಹೊಸಮನಿ,
ವಯಸ್ಸು ಇಪ್ಪತ್ತನಾಲ್ಕು (ನಲವತ್ತೆರಡು ಅಲ್ಲ, ಕಾರಣ ಕೆಳಗಿದೆ),
ಮುಲ್ಕಿ (ಏಳನೆಯ ಇಯತ್ತೆ) ಪಾಸು, ಮೂರನೆಯ ಏಟಿಗೆ,
ಸದ್ಯ ಬೆಟಗೇರಿಯ ಮಗ್ಗದ ಮನೆಯೊಂದರಲ್ಲಿ ನೂಲು ಹೊರುವ ಕೆಲಸ.

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಮಗ್ಗಿ ಏಕೀಕರಣ ಕಚೇರಿ
(ಅಂಥ ಕಚೇರಿ ಇನ್ನೂ ತೆರೆದಿರದಿದ್ದರೆ, ತೆರೆದ ದಿನವೇ ಕೈಸೇರುವಂತೆ).

ವಿಷಯ: ಅರ್ಜಿದಾರನ ಊರು ಹೊಸ ರಾಜ್ಯಕ್ಕೆ ಸೇರಿದ್ದರೂ ಅವನ ತಲೆಯೊಳಗಿನ ಮಗ್ಗಿ ಹಳೆಯ ಸಂಸ್ಥಾನದಲ್ಲೇ ಉಳಿದಿರುವ ಬಗ್ಗೆ.

ಉಲ್ಲೇಖ: ೧) ಪ್ರಾಥಮಿಕ ಶಿಕ್ಷಕರ ಆಯ್ಕೆಯ ಬಾಯಿಲೆಕ್ಕದಲ್ಲಿ ಸಾಹೇಬರು ಕೇಳಿದ ಪ್ರಶ್ನೆ: ‘ಒಂಬತ್ತೇಳಲೆ ಎಷ್ಟು?’
೨) ಸದರಿ ಪ್ರಶ್ನೆಗೆ ಅರ್ಜಿದಾರ ಕೊಟ್ಟ ಉತ್ತರ ಹಾಗೂ ಅದಕ್ಕೆ ಸಾಹೇಬರು ನಕ್ಕ ನಗು.

ಮಾನ್ಯರೇ,

ತನ್ನನ್ನು ‘ನಾನು’ ಎಂದು ಕರೆದುಕೊಂಡು ಬಂಡಿಯ ಮೇಲೆ ನಿಂತು ಸಾಕಷ್ಟು ಕೂಗಿಯಾಗಿರುವುದರಿಂದ, ಈ ಕಾಗದದಲ್ಲಿ ಸದರಿಯವನು ‘ಅರ್ಜಿದಾರ’ ಎಂದಷ್ಟೇ ಉಳಿಯಲು ಬಯಸುತ್ತಾನೆ. ಅವನ ಸಂಗತಿ ಹೀಗಿದೆ.

೧. ಅರ್ಜಿದಾರನು ಓದಿದ್ದು ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯೊಂದರ ಸಂಸ್ಥಾನದ ಶಾಲೆಯಲ್ಲಿ. ಪಾಠ ಮರಾಠಿಯಲ್ಲಿ (ಅದು ಮರಾಠಿಯೆಂದು ಅವನಿಗೆ ತಿಳಿದದ್ದು ಬಹಳ ತಡವಾಗಿ). ‘ಶಾಲೆಯಲ್ಲಿ’ ಎಂಬ ಮಾತನ್ನು ತಿದ್ದಿಕೊಳ್ಳಬೇಕು: ಅವನ ಜಾತಿಯವರಿಗೆ ಒಳಗೆ ಜಾಗವಿರಲಿಲ್ಲ. ಆದ್ದರಿಂದ ಅವನನ್ನು ಹೊರಗೆ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂಡಿಸಲಾಗಿತ್ತು. ಅಲ್ಲಿಂದ ಕರಿಹಲಗೆ ಕಾಣುತ್ತಿರಲಿಲ್ಲ, ಮಾಸ್ತರರ ಧ್ವನಿ ಕೇಳಿಸುತ್ತಿತ್ತು. ಆ ಕಾರಣ, ಅರ್ಜಿದಾರನದು ಮೊದಲಿನಿಂದಲೂ ಕಿವಿಯ ಗಣಿತ. ಕಣ್ಣಿಗೂ ಅದಕ್ಕೂ ಪರಿಚಯವಾಗಲಿಲ್ಲ.

೨. ಅದೇ ಶಾಲೆಯ ಅಂಗಳ ಗುಡಿಸುತ್ತಿದ್ದವಳು ಅರ್ಜಿದಾರನ ತಾಯಿ ಗದಿಗೆವ್ವ. ಒಳಗಿನ ಮಕ್ಕಳು ಕೂಗುತ್ತಿದ್ದ ಮಗ್ಗಿ ಅವಳ ಕಿವಿಗೂ ಬಿತ್ತು. ಒಳಗಿದ್ದವರಿಗೆ ವರ್ಷ ಹಿಡಿದದ್ದು ಅವಳಿಗೆ ಒಂದು ಸುಗ್ಗಿಯೊಳಗೆ ಬಾಯಿಗೆ ಬಂತು. ನಸುಕಿನಲ್ಲಿ ಜೋಳ ಬೀಸುತ್ತ, ಕಲ್ಲು ತಿರುಗಿದಂತೆ ಅವಳು ಒಂಬತ್ತರ ಮಗ್ಗಿ ಹಾಡಿಕೊಳ್ಳುತ್ತಿದ್ದಳು: ‘ನವು ಏಕೆ ನವು, ನವು ದುಣೆ ಅಠರಾ, ನವು ತ್ರಿಕ ಸತ್ತಾವೀಸ...’ ಅರ್ಜಿದಾರನೂ ಕಲ್ಲಿನ ಗೂಟಕ್ಕೆ ಒಂದು ಕೈ ಹಚ್ಚಿ ಜೊತೆಗೆ ಹಾಡುತ್ತಿದ್ದ.

“ಯವ್ವಾ, ಇದು ಯಾವ ಭಾಷಿ?”

“ಲೆಕ್ಕದ ಭಾಷಿಲೇ. ದೇವರಿಗೆ ಸಂಸ್ಕೃತ ಇಲ್ಲೇನು? ಹಂಗ ಲೆಕ್ಕಕ್ಕ ಇದು.”

ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ತಾಯಿ ಮಗನ ಪಾಟಿಯ ಮೇಲೆ ಮಗನಿಂದಲೇ ಕಲಿತಳು. ಮುಂದಿನದನ್ನು ಮಗ ತಾಯಿಯಿಂದ ಕಲಿತ.

“ಪಂಚವೀಸ ಹೆಂಗ ಬರೀಲಿ ಯವ್ವಾ?”

“ಪಂಚಮಿ ಅಂದ್ರ ಎಷ್ಟನೇ ದಿನಾ?”

“ಐದನೇದು.”

“ಸಂತ್ಯಾಗ ವೀಸ ಅಂದ್ರ?”

“ಇಪ್ಪತ್ತು.”

“ಪಂಚ ಮದಲ ಬಂತಿಲ್ಲೋ? ಮತ್ತ ಐದು ಮದಲ ಬರಿ, ಎರಡು ಆಮ್ಯಾಲ ಬರಿ. ಬಂದವರನ್ನ ಬಂದಂಗ ಕುಂಡ್ರಸ್ಬೇಕು.”

ಅರ್ಜಿದಾರ ಪಾಟಿಯ ಮೇಲೆ ೫೨ ಎಂದು ಬರೆದ. ಶಾಲೆಯವರು ಮಕ್ಕಳಿಗೆ ಮಾಡದ ನ್ಯಾಯವನ್ನು ಗದಿಗೆವ್ವ ಅಂಕಿಗಳಿಗೆ ಮಾಡಿದಳು. ಅಲ್ಲಿಂದ ಮುಂದೆ ಅರ್ಜಿದಾರನ ಜಗತ್ತಿನಲ್ಲಿ ಇಪ್ಪತ್ತೈದೆಲ್ಲ ಐವತ್ತೆರಡಾಗಿ ಸುಖವಾಗಿದ್ದವು.

೩. ಇದನ್ನು ಯಾರೂ ತಿದ್ದಲಿಲ್ಲವೇ ಎಂದು ತಾವು ಕೇಳಬಹುದು. ತಿದ್ದಲು ಪಾಟಿ ಮುಟ್ಟಬೇಕು. ಮುಟ್ಟಿದರೆ ಮೈಲಿಗೆ. ಆ ಕಾರಣ ಮಾಸ್ತರರು ಮೂರು ಮಾರು ದೂರದಿಂದ ನೋಡಿ ‘ಹೂಂ’ ಅನ್ನುತ್ತಿದ್ದರು. ಒಮ್ಮೆ ಮಾತ್ರ, ಒಂಬತ್ತರ ಮಗ್ಗಿ ಬರೆಸಿದ ದಿನ, ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದರು. ಹದಿನೆಂಟಿರಬೇಕಾದಲ್ಲಿ ಎಂಬತ್ತೊಂದು, ಇಪ್ಪತ್ತೇಳಿರಬೇಕಾದಲ್ಲಿ ಎಪ್ಪತ್ತೆರಡು. ಒಂಬತ್ತರ ಮಗ್ಗಿಯ ಕುಚೇಷ್ಟೆಯೆಂದರೆ, ಅಂಕಿಗಳನ್ನು ಅದಲುಬದಲು ಮಾಡಿದರೂ ಅದು ಒಂಬತ್ತರ ಮಗ್ಗಿಯೇ, ತಲೆಕೆಳಗಾಗಿರುತ್ತದೆ ಅಷ್ಟೆ.

“ಕೆಳಗಿಂದ ಮ್ಯಾಲ ಕದ್ದಿ ಏನಲೇ? ಉಲ್ಟಾ ಕದಿಯೂ ಕಳ್ಳನ್ನ ಇವತ್ತ ನೋಡಿದೆ!”

ಕಿಟಕಿಯ ಕೆಳಗೆ ಕೂತವನಿಗೆ ಯಾರ ಪಾಟಿ ಕಂಡೀತು ಎಂಬ ಸಣ್ಣ ಲೆಕ್ಕ ಮಾಸ್ತರರಿಗೂ ಬಿಡಿಸಲಾಗಲಿಲ್ಲ. ಬೆತ್ತ ತಂದರು. ಪಾಟಿಗಿದ್ದ ಮೈಲಿಗೆ ಬೆತ್ತಕ್ಕಿರಲಿಲ್ಲ. ಅರ್ಜಿದಾರ ಶಾಲೆ ಬಿಟ್ಟ.

೪. ಸಂಸ್ಥಾನ ಹೋಯಿತು, ತಾಯಿ ಮಗ ಬೆಟಗೇರಿಗೆ ಬಂದರು. ಅರ್ಜಿದಾರ ವಾಚನಾಲಯದ ಬೆಂಚಿನ ಮೇಲೆ, ಮೊದಲ ಬಾರಿಗೆ ಛಾವಣಿಯ ಕೆಳಗೆ ಕೂತು, ಕನ್ನಡ ಓದಿದ. ಓದಿ ಸುಮ್ಮನಿರಲಿಲ್ಲ. ಕನ್ನಡ ನಾಡು ಒಂದಾಗಬೇಕೆಂದು ಗದಗಿನ ಬಜಾರಿನಲ್ಲಿ ಬಂಡಿಯೇರಿ, “ತಾಯಿನುಡಿ ಅಂದ್ರ ತಾಯಿ ಬಾಯಿಂದ ಬಂದ ನುಡಿ! ಪರಭಾಷಾ ತಲಿಯೊಳಗಿಂದ ಕಿತ್ತ ಒಗೀರಿ!” ಎಂದು ಗಂಟಲು ಹರಿದುಕೊಂಡ. ಇದೇ ಅವಧಿಯಲ್ಲಿ ಮುಲ್ಕಿ ಪರೀಕ್ಷೆಗೆ ಹೊರಗಿನಿಂದ ಕೂತು, ಗಣಿತದಲ್ಲಿ ಎರಡು ಸಲ ನಪಾಸೂ ಆದ. ಮೊದಲ ಸಲ ಗಣಿತಕ್ಕೆ ಬಂದ ಅಂಕ ಹದಿಮೂರು. ಅದನ್ನು ಅವನು ಮೂವತ್ತೊಂದೆಂದು ಓದಿಕೊಂಡು ನಾಲ್ಕು ದಿನ ಸಮಾಧಾನದಿಂದಿದ್ದದ್ದು ಬೇರೆ ಸಂಗತಿ.

ಒಂದು ಮೆರವಣಿಗೆಯ ನಂತರ ವಾಚನಾಲಯದ ದಫ್ತರದಲ್ಲಿ ಹಾಜರಿ ಬರೆಯುವ ಕೆಲಸ ಅರ್ಜಿದಾರನ ಪಾಲಿಗೆ ಬಂತು. ಮರುದಿನ ವಾಚನಾಲಯ ನೋಡಿಕೊಳ್ಳುತ್ತಿದ್ದ ಗೆಳೆಯ ಅಂದಪ್ಪ ದಫ್ತರ ಹಿಡಿದುಕೊಂಡು ಬಂದ.

“ಲೇ ಉಡಚ್ಯಾ, ನಾ ಎಣಿಸಿ ಇಪ್ಪತ್ತೇಳು ಮಂದಿಗೆ ಚಹಾ ಕೊಟ್ಟೇನಿ. ಎಪ್ಪತ್ತೆರಡು ಮಂದಿ ಎಲ್ಲಿಂದ ಬಂದ್ರೋ?”

“ಖರೇನ ಎಣಿಸಿ ಬರದೇನಿ.”

“ಬಾಯಿಬಿಟ್ಟು ಎಣಸು, ನೋಡೂಣು.”

ಅರ್ಜಿದಾರ ಎಣಿಸಿದ. ಏಕ, ದೋನ, ತೀನ... ಪಂಚವೀಸ, ಸವ್ವೀಸ, ಸತ್ತಾವೀಸ. ಎಣಿಸಿ ೭೨ ಎಂದು ಬರೆದು ತೋರಿಸಿದ. ಅಂದಪ್ಪ ಮೊದಲು ಬಾಯಿ ತೆರೆದ, ಆಮೇಲೆ ನಕ್ಕ, ನಕ್ಕು ನಕ್ಕು ಬೆಂಚು ಹಿಡಿದುಕೊಂಡ.

“ಕನ್ನಡ ನಾಡು ಒಂದಾಗಲಿ ಅಂತ ಬಂಡಿ ಮುರಿಯೂಹಂಗ ಒದರ್ತಿ, ಮಂದೀನ ಮರಾಠಿಯೊಳಗ ಎಣಸ್ತಿಯೇನಲೇ! ಅದರಾಗ ಬಿಡಿ ಮದಲ ಹೇಳ್ತಾರ, ಹತ್ತು ಆಮ್ಯಾಲ. ನೀ ಕೇಳಿದಂಗ ಬರಕೊಂತ ಹೊಂಟಿ!”

ಹೀಗೆ, ಎರಡು ಸಲ ನಪಾಸಾದವನು ದಡ್ಡನಲ್ಲ, ಬರೇ ಉಲ್ಟಾ ಎಂದು ಇಪ್ಪತ್ತೆರಡನೆಯ ವಯಸ್ಸಿಗೆ ಪತ್ತೆಯಾಯಿತು. (ಇಪ್ಪತ್ತೆರಡು ಹೇಗೆ ಬರೆದರೂ ಇಪ್ಪತ್ತೆರಡೇ, ಆದ್ದರಿಂದ ಇದರ ಬಗ್ಗೆ ಅನುಮಾನ ಬೇಡ.) ಮೂರನೆಯ ಸಲ ಪ್ರತಿಯೊಂದು ಉತ್ತರವನ್ನೂ ತಿರುಗಿಸಿ ಬರೆದು ಪಾಸಾದ. ದಫ್ತರದ ಎಪ್ಪತ್ತೆರಡನ್ನು ಮಾತ್ರ ಚಳವಳಿಯ ಹಿತದೃಷ್ಟಿಯಿಂದ ತಿದ್ದಲಿಲ್ಲ.

೫. ನಾಡು ಒಂದಾಯಿತು. ಮರುತಿಂಗಳೇ ಶಿಕ್ಷಕರ ಆಯ್ಕೆಗೆ ಕರೆ ಬಂತು. ಉಲ್ಲೇಖ ಒಂದರ ಪ್ರಶ್ನೆಯನ್ನು ಸಾಹೇಬರು ಕೇಳಿದಾಗ ಅರ್ಜಿದಾರನ ಕಣ್ಣು ತಾನಾಗಿ ಮುಚ್ಚಿತು, ಬಲಗೈ ತಾನಾಗಿ ಸಾಹೇಬರ ಮೇಜಿನ ಮೇಲೆ ಗರಗರ ತಿರುಗತೊಡಗಿತು, ಬಾಯಿ ‘ನವು ಏಕೆ ನವು’ದಿಂದ ಹೊರಟಿತು. ನವು ಚೋಕದ (ಒಂಬತ್ತುನಾಲ್ಕಲೆಯ) ಹೊತ್ತಿಗೆ ದೌತಿ ಉರುಳಿತು. ಶಾಯಿ ಕಾಗದಗಳ ಮೇಲೆ ಹರಿಯುತ್ತಿರುವಾಗ ಅರ್ಜಿದಾರ ಕಣ್ಣು ತೆರೆದು “ತ್ರೇಸಷ್ಟ!” ಎಂದ. ಉತ್ತರ ಅರವತ್ತಮೂರೇ, ಭಾಷೆ ಮಾತ್ರ ಮರಾಠಿ.

“ಬಜಾರದಾಗ ಬಂಡಿ ಮ್ಯಾಲ ನಿಂತು ಪರಭಾಷಾ ಕಿತ್ತ ಒಗೀರಿ ಅಂದವ್ರು ನೀವ ಅಲ್ಲೇನ್ರಿ?” ಎಂದು ಸಾಹೇಬರು ನಕ್ಕರು.

“ಹೌದ್ರಿ ಸಾಹೇಬ್ರ.”

“ಮತ್ತ ಮದಲ ನಿಮ್ಮ ತಲಿಯೊಳಗಿಂದು ಕಿತ್ಕೊಂಡ ಬರ್ರಿ. ಬರೂ ತಿಂಗಳ ಹದಿನೆಂಟಕ್ಕ ಮತ್ತ ಕರೀತೀನಿ. ಮಗ್ಗಿ ಕನ್ನಡದಾಗ ಬಂದ್ರ ನೌಕರಿ, ಇಲ್ಲಂದ್ರ ನೂಲು ಹೊರೂದು ಐತಲ್ಲ.”

೬. ಅರ್ಜಿದಾರ ಮನೆಗೆ ಬಂದು, ಶಾಯಿಯ ಕೈಯಲ್ಲೇ, ಹೇಳಬಾರದ್ದನ್ನು ಹೇಳಿದ: “ಯವ್ವಾ, ಅದು ಲೆಕ್ಕದ ಭಾಷಿ ಅಲ್ಲಬೇ. ಮರಾಠಿ.”

ಗದಿಗೆವ್ವ ಅವನ ಶಾಯಿಯ ಕೈ ನೋಡಿದಳು. “ಹಂಗಾರ ನಾ ನಿನಗ ತಪ್ಪು ಕಲಿಸಿದ್ನೇನೋ?” ಎಂದಳು.

ಬಂಡಿಯ ಮೇಲಿನ ಹುಲಿ ಕೈ ತೊಳೆಯಲು ಹಿತ್ತಲಿಗೆ ಹೋಯಿತು. ಮರುದಿನದಿಂದ ಕಲ್ಲು ತಿರುಗಿತು, ಹಾಡು ನಿಂತಿತು. ಅರ್ಜಿದಾರ ಬಾಗಿಲು ಹಾಕಿಕೊಂಡು ಕನ್ನಡ ಮಗ್ಗಿ ಒದರತೊಡಗಿದ. ಎಂಟರವರೆಗೆ ಹೇಗೋ ಬಂತು. ಒಂಬತ್ತಕ್ಕೆ ಬಂದೊಡನೆ ಕೈ ತಿರುಗುತ್ತಿತ್ತು, ಕಿವಿಯಲ್ಲಿ ತಾಯಿಯೇ ಹೇಳುತ್ತಿದ್ದಳು, ಮರಾಠಿಯಲ್ಲಿ. ಕಿತ್ತು ಒಗೆಯಲು ಕೈ ಹಾಕಿದರೆ ಬೇರಿನ ಜೊತೆ ಅವಳ ಧ್ವನಿಯೇ ಬರುತ್ತಿತ್ತು. ತಾಯಿಯ ಬಾಯಿಂದ ಬಂದದ್ದೇ ತಾಯಿನುಡಿ ಎಂದು ಒದರಿದವನು ಅದನ್ನು ಎಲ್ಲಿ ಒಗೆಯಬೇಕೆಂದು ಮಾನ್ಯರೇ ಹೇಳಬೇಕು.

೭. ಹತ್ತು ದಿನಗಳ ಮೇಲೆ ನಸುಕಿನಲ್ಲಿ ಅರ್ಜಿದಾರನಿಗೆ ಎಚ್ಚರವಾಯಿತು. ಕಲ್ಲು ಹಾಡುತ್ತಿತ್ತು: ‘ಒಂಬತ್ತೊಂದಲೆ ಒಂಬತ್ತು, ಒಂಬತ್ತೆರಡಲೆ ಹದಿನೆಂಟು...’

“ಯಾರ ಕಲಿಸಿದರಬೇ?”

“ಯಾರ ಕಲಿಸ್ತಾರ? ನೀ ಒಳಗ ಬಾಗಲಾ ಹಾಕ್ಕೊಂಡು ಒದರತಿದ್ದೆಲ್ಲಾ, ಹೊರಗ ಕಸಾ ಹೊಡಿಯೂ ಮುಂದ ಕಿವಿಗೆ ಬಿತ್ತು. ಬಾ, ಗೂಟ ಹಿಡಿ.”

ಅರ್ಜಿದಾರ ಹಿಡಿದ. ಒಂಬತ್ತೇಳಲೆ ಅರವತ್ತಮೂರು ಬಂತು. ಆದರೆ ಅವನ ಕಣ್ಣು ತುಂಬಿದ್ದು ಲೆಕ್ಕ ಬಂದದ್ದಕ್ಕಲ್ಲ. ಆ ಹಳೆಯ ಶಾಲೆಯ ಬಾಗಿಲನ್ನು ಈ ಹತ್ತು ದಿನ ತಾನೇ ಮುಚ್ಚಿಕೊಂಡು ಕೂತಿದ್ದನೆಂದು ಅವನಿಗೆ ಆಗ ತಿಳಿಯಿತು. ಗಡಿಯ ಕಲ್ಲು ಕೀಳಲು ಹೊರಟ ವೀರನ ಹೊಸ್ತಿಲಿನ ಆಚೆಗೆ ತಾಯಿ ಪೊರಕೆ ಹಿಡಿದು ನಿಂತಿದ್ದಳು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮಾನ್ಯರು ದಯವಿಟ್ಟು:

ಅ) ಹದಿನೆಂಟರಂದು (ಎಂಬತ್ತೊಂದರಂದಲ್ಲ) ಬಾಯಿಲೆಕ್ಕ ಹೇಳುವಾಗ ಅರ್ಜಿದಾರನ ಬಲಗೈ ತಿರುಗಲು ಪರವಾನಗಿ ಕೊಡಬೇಕು. ದೌತಿಯನ್ನು ಮೊದಲೇ ಎತ್ತಿಡಬೇಕು.

ಆ) ಹೊಸ ರಾಜ್ಯದ ಮಾಸ್ತರರು ಪ್ರತಿ ಮಗುವಿನ ಪಾಟಿಯನ್ನೂ ಕೈಯಲ್ಲಿ ಹಿಡಿದೇ ತಿದ್ದತಕ್ಕದ್ದೆಂದು ಹುಕುಂ ಹೊರಡಿಸಬೇಕು. ಅರ್ಜಿದಾರನಿಗೆ ನೌಕರಿ ಸಿಗದಿದ್ದರೂ ಇದು ಹೊರಡಬೇಕು.

ಇ) ಅಂದು ಗದಿಗೆವ್ವನನ್ನೂ ಕರೆಸಿ, ಒಳಗೆ, ಕುರ್ಚಿಯ ಮೇಲೆ ಕೂಡಿಸಿ, ಅದೇ ಪ್ರಶ್ನೆ ಕೇಳಬೇಕು. ಎರಡು ಭಾಷೆಯಲ್ಲಿ ಯಾವುದು ಮೊದಲು ಬರುತ್ತದೋ ಅದನ್ನು ಬಂದಂತೆಯೇ ಕೂಡಿಸಿಕೊಂಡು, ಅಂಕವನ್ನು ಅವಳ ಹೆಸರಿಗೆ ಬರೆಯಬೇಕು.

ಬೀಸುವ ಕಲ್ಲನ್ನು ಅರ್ಜಿದಾರನೇ ಹೊತ್ತು ತರುತ್ತಾನೆ.

ಹೊಸ್ತಿಲ ಈಚೆಯಿಂದ,
ತಮ್ಮ ವಿಶ್ವಾಸಿ,
ಉಡಚಪ್ಪ ಮೂಕಪ್ಪ ಹೊಸಮನಿ

ಸ್ಥಳ: ಬೆಟಗೇರಿ
ದಿನಾಂಕ: ೧೨-೧-೧೯೫೭ (ಎರಡು ಸಲ ನೋಡಿ ಬರೆದದ್ದು)

ಲಗತ್ತುಗಳು:
೧. ಒಂಬತ್ತರ ಮಗ್ಗಿ ಬರೆದಿದ್ದ ಪಾಟಿ, ಒಡೆದದ್ದು. ಯಾರೂ ಮುಟ್ಟಿರುವುದಿಲ್ಲ.
೨. ವಾಚನಾಲಯದ ದಫ್ತರದ ಹಾಳೆಯ ನಕಲು. ಚಳವಳಿಯ ಮರ್ಯಾದೆಗಾಗಿ ಇದನ್ನು ಯಾರಿಗೂ ತೋರಿಸಬಾರದು.
೩. ಸದರಿ ಮಗ್ಗಿಗಳಿಗೆ ಬೀಸಿದ ಜೋಳದ ಹಿಟ್ಟು, ಒಂದು ಮುಷ್ಟಿ. ಎಷ್ಟು ಭಾಗ ಮರಾಠಿ, ಎಷ್ಟು ಕನ್ನಡ ಎಂದು ಬೇರ್ಪಡಿಸಿ ಕೊಟ್ಟರೆ ಅರ್ಜಿಯನ್ನು ವಾಪಸು ಪಡೆಯಲಾಗುವುದು.

ವಿ.ಸೂ.: ಅರ್ಜಿದಾರನ ತಾಯಿಗೆ ಸಹಿ ಬರುವುದಿಲ್ಲ, ಅಂಕಿ ಬರುತ್ತದೆ. ಆ ಕಾರಣ ಸಹಿಯ ಜಾಗದಲ್ಲಿ ಒಂಬತ್ತೇಳಲೆಯ ಉತ್ತರವನ್ನು ಅವಳೇ ಸ್ವಂತ ಕೈಯಿಂದ ಬರೆದಿದ್ದಾಳೆ: ೩೬. ಕೈಯ ರೂಢಿ ಇನ್ನೂ ಹಳೆಯದೇ. ದಯವಿಟ್ಟು ಅದನ್ನು ತಿದ್ದದೆ, ಅರವತ್ತಮೂರು ಎಂದು ಓದಿಕೊಳ್ಳಬೇಕಾಗಿ ವಿನಂತಿ.