ಮಾತಾಡುವ ಹಲಗೆ ಮತ್ತು ನನ್ನ ಅಕ್ಕ

ಇಡೀ ಮಂಗಳೂರಿನಲ್ಲಿ ನನ್ನ ಅಕ್ಕನಿಗೆ ಒಬ್ಬಳೇ ಆಪ್ತ ಗೆಳತಿ. ಆ ಗೆಳತಿ ಬ್ಯಾಟರಿಯಿಂದ ನಡೆಯುತ್ತಾಳೆ!

ವಿಷಯ ಇಷ್ಟೇ. ಅಕ್ಕನ ಮೊಮ್ಮಗಳಿಗೆ ಮೂರು ವರ್ಷ ತುಂಬುತ್ತ ಬಂದರೂ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಕಿವಿ ಚೆನ್ನಾಗಿದೆ, ಎದುರಿಗೆ ಮಾತಾಡುತ್ತಾ ಇರಿ ಎಂದರು ಡಾಕ್ಟರು. ಮಗುವಿನ ತಾಯಿ ಕೊಡಿಯಾಲ್‌ಬೈಲಿನ ಆಫೀಸಿನಿಂದ ಬರುವಾಗ ಒಂದು ಮಾತಾಡುವ ಹಲಗೆ ತಂದಳು. ಚಿತ್ರ ಒತ್ತಿದರೆ ಅದು ಇಂಗ್ಲಿಷಿನಲ್ಲಿ ಹೆಸರು ಹೇಳುತ್ತದೆ. ಆಮೇಲೆ ಪ್ರಶ್ನೆ ಕೇಳುತ್ತದೆ.

ಪಕ್ಕದ ಮನೆಯಲ್ಲಿರುವ ನಾನು ಗಡಿಯಾರ ನೋಡಿ ಉಣ್ಣುವ ಮನುಷ್ಯ. ಊಟವಾದ ಮೇಲೆ ಅರ್ಧ ಗಂಟೆ ಹಲಗೆಯ ಪಾಠ ಎಂದು ಕೂಡಲೇ ನಿಯಮ ಮಾಡಿದೆ. ಅಕ್ಕ ಪಾಲಿಸಿದಳೇ? ಪಾಲಿಸಿದಳು. ಆದರೆ ಉತ್ತರವನ್ನೆಲ್ಲ ತಾನೇ ಕೊಡತೊಡಗಿದಳು, ಅದೂ ತುಳುವಿನಲ್ಲಿ! ನಿಮಗಾಗಿ ಇಬ್ಬರ ಮಾತನ್ನೂ ಕನ್ನಡದಲ್ಲಿ ಬರೆಯುತ್ತೇನೆ.

"ದನ ಎಲ್ಲಿದೆ?" ಎಂದಿತು ಹಲಗೆ.

"ನಮ್ಮ ದೇರೆಬೈಲಿನಲ್ಲಿ ಈಗ ದನ ಎಲ್ಲಿ ಉಂಟು ಮಾರಾಯ್ತಿ? ಎಲ್ಲ ಫ್ಲ್ಯಾಟೇ."

"ಮತ್ತೆ ಪ್ರಯತ್ನಿಸು!"

"ಎಂತ ಪ್ರಯತ್ನ? ಇಲ್ಲದ ದನವನ್ನು ಎಲ್ಲಿಂದ ತರುವುದು?"

"ಅಕ್ಕ, ಅದು ಯಂತ್ರ. ಚಿತ್ರ ಒತ್ತಿದರೆ ಸಾಕು," ಎಂದೆ ನಾನು.

"ಕೇಳಿದವರಿಗೆ ಬಾಯಿಬಿಟ್ಟು ಉತ್ತರ ಕೊಡದೆ ಅವರ ಮೂತಿಗೆ ಒತ್ತುವುದಾ? ನಿನಗೆ ಶಾಲೆಯಲ್ಲಿ ಕಲಿಸಿದ್ದು ಅದನ್ನೇಯಾ?"

ಒಮ್ಮೆ ಫೋನ್ ಮಾಡಿದರೆ, "ಆಮೇಲೆ ಮಾಡು, ಅದರ ಮಾತು ಇನ್ನೂ ಮುಗಿಯಲಿಲ್ಲ," ಎಂದು ಕಟ್ ಮಾಡಿದಳು. ಒಡಹುಟ್ಟಿದವನಿಗಿಂತ ಬ್ಯಾಟರಿ ಹೆಚ್ಚಾಯಿತು!

ಆದರೆ ಪ್ರತಿ ಉತ್ತರದ ಕೊನೆಗೆ ಅಕ್ಕ ಮಗುವಿನ ತುಟಿಯನ್ನು ನೋಡುತ್ತಿದ್ದಳು. ತುಟಿ ಅಲುಗುತ್ತಿರಲಿಲ್ಲ. ಅಕ್ಕ ಇನ್ನೊಂದು ಚಿತ್ರ ಒತ್ತುತ್ತಿದ್ದಳು.

ಮೊನ್ನೆ ನಾನು ಹೋದಾಗ ಕಡಲ ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು, ಮನೆಯೇ ನಿದ್ದೆಯಲ್ಲಿ ಉಸಿರಾಡುತ್ತಿದೆಯೋ ಎಂಬಂತೆ. ಬಿಸಿಲು ನೆಲದ ಮೇಲೆ ತೆಳ್ಳಗೆ ಹರಡಿತ್ತು. ಅಕ್ಕ ಮಾತಿನ ನಡುವೆಯೇ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಳು. ಹಲಗೆ ಈಗ ಚಂದ್ರನನ್ನು ಹುಡುಕುತ್ತಿತ್ತು. ಚಂದ್ರ ಎಲ್ಲಿದ್ದಾನೆ ಎಂದು ಕೇಳಿತು. ಸ್ವಲ್ಪ ಕಾದು ಮತ್ತೆ ಕೇಳಿತು.

ಮಗು ಅಜ್ಜಿಯ ಮುಖ ನೋಡಿತು. ಪಾಪ, ಕೇಳಿದವರನ್ನು ಎಷ್ಟು ಹೊತ್ತು ಕಾಯಿಸುವುದು? ಹಲಗೆಯ ಮೇಲೆ ಬಗ್ಗಿ ಪಿಸುಗುಟ್ಟಿತು:

"ಅಜ್ಜಿ ಜೆತ್ತೆರ್."

ಅಜ್ಜಿ ಮಲಗಿದ್ದಾರೆ ಎಂದು, ಅಚ್ಚ ತುಳುವಿನಲ್ಲಿ, ಮರ್ಯಾದೆ ಕೊಟ್ಟು!

ನಾನು ಬಾಗಿಲಲ್ಲೇ ನಿಂತೆ. ಅಕ್ಕ ಕಣ್ಣು ತೆರೆಯದೆಯೇ ಗೊಣಗಿದಳು:

"ಹೋ... ಈ ಹಲಗೆಗೆ ತುಳು ಯಾವಾಗ ಬಂತು?"

ನಾನು ಒಳಗೆ ಹೋದೆ. ಮಗುವನ್ನು ಎತ್ತಿ ಅವಳ ಮಡಿಲಲ್ಲಿ ಕೂರಿಸಿದೆ.