ರಾಣಿ ನಾಣ್ಯವೂ ನನ್ನ ಭೂತಗನ್ನಡಿಯೂ

ಎದೆ ಧಸಕ್ಕೆನ್ನುವ ಪ್ರಸಂಗಗಳು ಅದ್ಯಾಕೋ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ತಮಿಳು ಸೀಮೆಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೋಹ ಕೆತ್ತಿದವನು ನಾನು. ಹಳೆಯ ಬ್ರಿಟಿಷ್ ನಾಣ್ಯದ ಸವೆದ ಅಕ್ಷರವನ್ನು ಯಾರಾದರೂ ತಿದ್ದಿ ಕೆತ್ತಿದ್ದರೆ ಭೂತಗನ್ನಡಿ ಹಿಡಿದ ಕೂಡಲೇ ಗೊತ್ತಾಗುತ್ತೆ. ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿರೋದು ಮಾತ್ರ ಗೊತ್ತಿಲ್ಲ. "ಮಗಳಿಗೆ ಗಂಡು ನೋಡ್ತಿದೀವಿ. ನಿಮ್ಮ ಬಾಯಿಂದ ಸಂಬಂಧ ತಪ್ಪಿಹೋದ್ರೆ ನೋಡಿ ಮತ್ತೆ!" ಅಂತ ಹೆಂಡತಿ ದಿನಾ ಎಚ್ಚರಿಸುತ್ತಿದ್ದಳು.

ಸಂತೆಯಲ್ಲಿ

ಪಲ್ಲಾವರಂ ಸಂತೆಯಲ್ಲಿ ಹಳೆ ನಾಣ್ಯ ಮಾರುವವನೊಬ್ಬ ವಿಕ್ಟೋರಿಯಾ ರಾಣಿಯ ಪೆನ್ನಿ ನಾಣ್ಯ ಕೈಗಿಟ್ಟ. ಭೂತಗನ್ನಡಿ ಹಿಡಿದೆ. ಅಕ್ಷರಗಳ ಸುತ್ತ ಮಾತ್ರ ತಗ್ಗು, ಸಣ್ಣ ಸಣ್ಣ ಗೀರು. ಅಕ್ಷರ ಎದ್ದು ಕಾಣಲೆಂದು ಸುತ್ತಲೂ ಹೆರೆದಿದ್ದಾರೆ!

"ಯಾರೋ ನಿನಗೆ ಟೋಪಿ ಹಾಕಿದಾರಪ್ಪ" ಎಂದೆ ಮರುಕದಿಂದ.

ಅವನ ಮುಖ ಅರಳಿತು. "ನಾನೇ ಸಾರ್ ಮಾಡಿದ್ದು! ಆ ಗ್ಲಾಸ್ ಸ್ವಲ್ಪ ಕೊಡಿ, ಇನ್ನೊಂದು ಅರ್ಧ ಆಗಿದೆ."

ದೇವರ ಮನೆಯಲ್ಲಿ

ಕೀಲ್ಪಾಕ್‌ನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರ ಮನೆ. ಯಜಮಾನರ ಹೆಂಡತಿ ಪೂಜೆಯ ಬೆಳ್ಳಿ ರೂಪಾಯಿ ತೋರಿಸಿದರು. ನಾಣ್ಯದ ಅಕ್ಷರ ಉಬ್ಬಿರಬೇಕು. ಇಲ್ಲಿ ಗುಳಿ ಬಿದ್ದಿದೆ, ಅದೂ ಚುಕ್ಕಿ ಚುಕ್ಕಿಯಾಗಿ!

"ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಳಿಸಿಹೋಗಿತ್ತು ಮಾರಾಯ್ರೆ. ಪಾತ್ರೆ ಅಂಗಡಿಯಲ್ಲಿ ಲೋಟಕ್ಕೆ ಹೆಸರು ಹಾಕಿಸುವಾಗ ಇದಕ್ಕೂ ಅಕ್ಷರ ಹಾಕಿಸಿದೆ."

ನಾಣ್ಯ ತಿರುಗಿಸಿದೆ. ಅಯ್ಯೋ ಶಿವನೇ!

"ಕಳೆದುಹೋಗಬಾರದಲ್ಲ" ಎಂದರು ಆಕೆ, "ಹಿಂದುಗಡೆ ನಮ್ಮ ಫೋನ್ ನಂಬರು."

ನಿಶ್ಚಿತಾರ್ಥದಲ್ಲಿ

ಕೊನೆಗೂ ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂತು. ತಾಂಬೂಲ ಬದಲಾಯಿಸುವ ಮುಂಚೆ ಹುಡುಗನ ಅಜ್ಜಿ ವಿಕ್ಟೋರಿಯಾ ರಾಣಿಯ ಚಿನ್ನದ ಪವನ್ ನಾಣ್ಯವೊಂದನ್ನು ಅವಳ ಕೈಗಿಟ್ಟರು. "ನಮ್ಮತ್ತೆ ನನಗೆ ಕೊಟ್ಟಿದ್ದು ಕಣಮ್ಮ."

ಹಾಳಾದ ಕೈ, ಭೂತಗನ್ನಡಿ ತೆಗೆಯಲು ಜೇಬಿಗೆ ಹೋಯಿತು. ಹೆಂಡತಿ ತೊಡೆ ಚಿವುಟಿದಳು. "ಅಪ್ಪಾ, ವೇಂಡಾಂ, ಬೇಡ!" ಎಂದು ಮಗಳು ತಮಿಳು ಬೆರೆಸಿ ಗೋಗರೆದಳು. ಅಷ್ಟರಲ್ಲಿ ನಾಣ್ಯ ನೋಡಿಯಾಗಿತ್ತು, ನನ್ನ ಬಾಯಿ "ಇದರ ಅಕ್ಷರ ತಿದ್ದಿ ಕೆತ್ತಿಸಿದ್ದು" ಅಂದೇಬಿಟ್ಟಿತ್ತು.

ಬೀಗರ ಮುಖ ಕಪ್ಪಿಟ್ಟಿತು. ಕೈಯಾರೆ ಮಗಳ ಮದುವೆ ಕೆಡಿಸಿದೆನಲ್ಲಪ್ಪಾ ಎಂದುಕೊಂಡೆ.

"ಅದು ಹೇಗೆ ಹೇಳ್ತೀಯಪ್ಪಾ?" ಅಜ್ಜಿ ಕೇಳಿದರು.

"ಮುಖವೂ ಅಕ್ಷರವೂ ಒಂದೇ ಸಮ ಸವೆಯಬೇಕಮ್ಮ. ಇಲ್ಲಿ ಮುಖ ಸವೆದಿದೆ, ಅಕ್ಷರ ಮಾತ್ರ ಹೊಸದು" ಎಂದು ತೊದಲಿದೆ.

ಅಜ್ಜಿ ಭೂತಗನ್ನಡಿ ಕಿತ್ತುಕೊಂಡು, ನಾಣ್ಯ ಬಿಟ್ಟು ನನ್ನನ್ನೇ ನೋಡತೊಡಗಿದರು. ಹಣೆ ನೋಡಿದರು, ಕೆನ್ನೆ ನೋಡಿದರು, ಬೆಳಿಗ್ಗೆಯಷ್ಟೇ ಬಣ್ಣ ಹಚ್ಚಿದ್ದ ಮೀಸೆಯ ಹತ್ತಿರ ನಿಂತರು.

"ಮುಖ ಪೂರ್ತಿ ಸವೆದಿದೆ, ಮೀಸೆ ಮಾತ್ರ ಹೊಸದು! ಇರಲಿ ಬಿಡ್ರೋ, ನಾವು ಕೊಟ್ಟ ಪವನ್ನಿಗೂ ನಮಗೆ ಸಿಕ್ಕಿದ ಬೀಗರಿಗೂ ಸರಿಹೋಯ್ತು. ತಾಂಬೂಲ ಬದಲಾಯಿಸಿ!"